ಎಳೆಯದೆ ಹೊಲಿಯುವುದು

ತೊಡೆಸಂದು ಎಂಬ ಒಳ್ಳೆಯ ಶಬ್ದವಿದೆ ಕನ್ನಡದಲ್ಲಿ.
ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ಯಾರೂ ಅದನ್ನು ಹೇಳುವುದಿಲ್ಲ.
"ಇಲ್ಲಿ ಸ್ವಲ್ಪ ಉಂಟು" ಅಂತಾರೆ,
ಲುಂಗಿಯ ಮೇಲಿಂದಲೇ ತೋರಿಸುತ್ತಾರೆ.
ಕೆಮ್ಮಿ, ಅನ್ನುತ್ತೇನೆ.
ಬೆರಳಿಗೆ ಬಂದು ತಾಗುತ್ತದೆ ಕರುಳು,
ಬಾಗಿಲ ಸಂದಿನಿಂದ ಇಣುಕುವ ಮಗುವಿನ ಹಾಗೆ.

ಎರಡು ಸಾವಿರ ವರ್ಷ ಒಳಗೇನಿದೆಯೆಂದು ಕಾಣದೆಯೇ ಕೊಯ್ದರು.
ಕಾದ ಕಬ್ಬಿಣ ಒತ್ತಿದರು,
ಬೀಜವನ್ನೇ ತೆಗೆದು ಗುಣವಾಯಿತು ಅಂದರು.
ಬದುಕಿದವನು ಹೌದೆಂದು ತಲೆಯಾಡಿಸಿದ.
ಆಮೇಲೆ ಚರ್ಮದ ಪಟ್ಟಿ, ಸ್ಪ್ರಿಂಗು, ಮರದ ಬಿಲ್ಲೆ.
ಹೆಣ ಬಿಚ್ಚಿ ಪದರ ಪದರ ಎಣಿಸಿದವರು
ಸಿಕ್ಕಿದ ಪ್ರತಿ ಎಳೆಗೂ ತಮ್ಮ ಹೆಸರಿಟ್ಟರು:
ಒಬ್ಬನಿಗೆ ತ್ರಿಕೋನ, ಒಬ್ಬನಿಗೆ ರಜ್ಜು.
ಪರೀಕ್ಷೆಗೆ ಎಲ್ಲ ಬಾಯಿಪಾಠ ಮಾಡಿದ್ದೆ.

ಅರ್ಥವಾದದ್ದು ನಾಲ್ಕನೇ ಮೇಜಿನಲ್ಲಿ.
ಬಂದರಿನಲ್ಲಿ ಸಿಕ್ಕ, ವಾರಸುದಾರರಿಲ್ಲದ ದೇಹ.
ಹೆಗಲಲ್ಲಿ ಜಡ್ಡು, ಸೊಂಟದ ಸುತ್ತ
ಯಾವುದೋ ಪಟ್ಟಿ ಬಿಗಿದ ಕಪ್ಪು ಗೆರೆ.
ಫಾರ್ಮಲಿನ್ನಿಗೆ ಕಣ್ಣುರಿಯುತ್ತ ಬಗ್ಗಿ ನೋಡಿದೆ:
ಹುಟ್ಟುವ ಮೊದಲು ಬೀಜ ಇಳಿದು ಬಂದ ದಾರಿ
ಮುಚ್ಚಿರಲೇ ಇಲ್ಲ.
ಮೂಟೆ ಎತ್ತಿದಾಗೆಲ್ಲ ಅಲ್ಲೇ ಇಳಿದಿತ್ತು ಕರುಳು.
ನಮ್ಮ ಅಳಿವೆಬಾಗಿಲ ಹಾಗೆ ಅದು,
ಪೂರ್ತಿ ಕಟ್ಟುವಂತಿಲ್ಲ, ದೋಣಿ ಹೋಗಬೇಕು;
ಬಿಟ್ಟರೆ ಕಡಲು ಒಳಗೆ.

ಅಂಚನ್ನು ಎಳೆದು ತಂದು ಅಂಚಿಗೆ ಹೊಲಿಯುವುದು,
ನೂರು ವರ್ಷ ಹಾಗೆಯೇ ಹೊಲಿದರು, ನನ್ನ ಗುರುಗಳೂ.
ಚಂದ ಕಾಣುತ್ತಿತ್ತು.
ಕೆಲವರು ಮರಳಿ ಬರುತ್ತಿದ್ದರು.

ಬೆಂಗ್ರೆಯ ಲೋಕು ತಿಂಗಳಾಯರು, ಅರವತ್ತೆರಡು,
ಬಲೆ ಸರಿಮಾಡುವವರು.
ಸೊಂಟದ ಕೆಳಗೆ ಮರಗಟ್ಟಿ, ಮೇಲೆ ಪೂರ್ತಿ ಎಚ್ಚರ,
ಹಸಿರು ಪರದೆಯ ಆಚೆಯಿಂದ ಕೇಳಿದರು:
"ಎಳೆದು ಕಟ್ತೀರಾ?"
ಇಲ್ಲ, ತುಂಡು ಬಲೆ ಇಟ್ಟು ಹೊಲಿಯುತ್ತೇನೆ.
"ಹಾಂ. ಎಳೆದರೆ ಪಕ್ಕದಲ್ಲಿ ಹರಿತದೆ.
ಇದು ನಿಮಗೆ ಯಾವಾಗ ಗೊತ್ತಾದದ್ದು?"
ಹತ್ತಿರ ಹತ್ತಿರ ನಾನು ಹುಟ್ಟಿದ ಹೊತ್ತಿಗೆ, ಅಂದೆ.
ನಮಗೆ ಮೊದಲೇ ಗೊತ್ತಿತ್ತು ಎಂದು ಅವರು ಅನ್ನಲಿಲ್ಲ.
ಸುಮ್ಮನೆ ಮಲಗಿದ್ದರು.
ಮೇಲಿನ ದೀಪ ಗುಂಯ್‌ಗುಟ್ಟುತ್ತಿತ್ತು.

ಕತ್ತರಿಸಿ ಉಳಿದ ಚೂರನ್ನು ಮರುದಿನ ಕೇಳಿ ಪಡೆದರು.
ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಎಣಿಸಿದರು.
"ಗಂಟೇ ಇಲ್ಲವಲ್ಲ ಮಾರಾಯ್ರೆ! ನೇಯ್ದವರು ಯಾರು?"
ಪೊಟ್ಟಣದ ಮೇಲೆ ಕಂಪನಿಯ ಹೆಸರಿತ್ತು,
ಅವಧಿ ಮುಗಿಯುವ ತಾರೀಕಿತ್ತು.

ನಾಲ್ಕನೇ ಮೇಜಿನವನ ಹೆಸರನ್ನೂ
ನಾನು ಯಾರಲ್ಲೂ ಕೇಳಿರಲಿಲ್ಲ.