ಒಂದು ಗೆರೆಯಷ್ಟು ಜಾಗ

ಮೆಗ್ಗಾನ್ ಆಸ್ಪತ್ರೆಯ ಚೀಟಿಯಲ್ಲಿ
'ಕಾರಣ' ಅಂತ ಅಚ್ಚು ಹಾಕಿ, ಮುಂದೆ
ಒಂದೇ ಒಂದು ಗೆರೆ ಬಿಟ್ಟಿದ್ದಾರೆ.
'ಯಾವಾಗಿಂದ?' ಅಂದರು ಡಾಕ್ಟರು.
ಅಮ್ಮ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

ದುರ್ಗಿಗುಡಿಯ ಟೈಲರ್ ಮುಕುಂದಪ್ಪ
ಗುಂಡುಪಿನ್ನು ಕಚ್ಚಿಕೊಂಡ ಬಾಯಲ್ಲೇ
ಸೊಂಟದ ಅಳತೆಯನ್ನು ಅಂಗಡಿಗೆಲ್ಲ ಕೇಳುವಂತೆ ಕೂಗಿ
ಹುಡುಗನ ಕೈಲಿ ಬರೆಸಿದ ದಿನದಿಂದಲೆ?
ಅವನು ಎಲ್ಲರದನ್ನೂ ಕೂಗುತ್ತಾನೆ.
ನನ್ನದನ್ನೂ ಕೂಗಿದ್ದ. ನನಗೇನೂ ಆಗಲಿಲ್ಲ.

ನೆಹರೂ ಸ್ಟೇಡಿಯಮ್ಮಿನ ಕೋಚು
'ಸ್ವಲ್ಪ ಹಗುರಾದರೆ ರಾಜ್ಯಮಟ್ಟ' ಅಂದರಂತೆ.
ಹಗುರಾದಳು. ಬೀದಿಯೆಲ್ಲ ಮೆಚ್ಚಿತು.
'ಎಷ್ಟು ಚೆಂದ ಆಗಿದೀಯೆ, ಏನ್ ಮಾಡ್ದೆ?' ಅಂತ
ಪಕ್ಕದ ಮನೆ ಶಶಿಕಲಾ ಆಂಟಿ ಗುಟ್ಟು ಕೇಳಿದರು.
ಆ ಗುಟ್ಟು ಆಗಲೇ ಅವಳನ್ನು ತಿನ್ನುತ್ತಿತ್ತು.

ಅಪ್ಪ ತೀರಿಕೊಂಡ ವರ್ಷವೆ? ಆಗ ಮನೆಯಲ್ಲಿ
ಯಾವುದೂ ಹಿಡಿತಕ್ಕೆ ಸಿಗುತ್ತಿರಲಿಲ್ಲ:
ಪಿಂಚಣಿ, ಬಾಡಿಗೆ, ಅಮ್ಮನ ನಿದ್ದೆ.
ತಟ್ಟೆಯೊಂದೇ ಅವಳ ಮಾತು ಕೇಳುತ್ತಿತ್ತು.

ಅಥವಾ ಅಜ್ಜಿ. ಸೋಮವಾರ, ಗುರುವಾರ, ಸಂಕಷ್ಟಿ,
ಉಳಿದ ದಿನ ಎಲ್ಲರಿಗೂ ಬಡಿಸಿ 'ನಂಗೆ ಹಸಿವಿಲ್ಲ' ಅಂದ ಅಜ್ಜಿಯನ್ನು
ಯಾರೂ ಯಾವ ಡಾಕ್ಟರ ಹತ್ತಿರವೂ ಕರೆದೊಯ್ಯಲಿಲ್ಲ.
ದೇವರಂಥವಳು ಅಂದರು.
'ರಕ್ತದಲ್ಲೂ ಬರುತ್ತೆ' ಅಂದರು ಡಾಕ್ಟರು, ಮೆಲ್ಲಗೆ.

ಇನ್ನೊಂದಿದೆ. ಅದನ್ನು ನಾನು ಹೇಳಲಿಲ್ಲ.
ಅಂಕಿತಾ ಅಂತ ಹೆಸರು. ಮನೆಯಲ್ಲಿ ಅಂಕಿ.
(ಅಂಕಿ ಅಂತ ಕರೆದು ಬೆಳೆಸಿದೆವು,
ಈಗ ತೂಕದ ಮುಳ್ಳು ನೋಡಬೇಡ ಅನ್ನುತ್ತೇವೆ.)
ಏಳನೇ ಹುಟ್ಟುಹಬ್ಬದ ದಿನ ಆ ಹೆಸರಿನ ಹಿಂದೆ
'ಡುಮ್ಮಿ' ಅಂತ ಸೇರಿಸಿದ್ದು ನಾನು.
ಎಲ್ಲರೂ ನಕ್ಕರು. ಅವಳೂ ನಕ್ಕಳು,
ಕೇಕನ್ನು ದವಡೆಯಲ್ಲಿಟ್ಟುಕೊಂಡು,
ನುಂಗದೆ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.
'ತಪ್ಪು ಯಾರದ್ದು ಅಂತ ಕೇಳ್ತಿಲ್ಲಮ್ಮ.'
ಗೆರೆ ಖಾಲಿಯೇ ಉಳಿಯಿತು.
ಗೆರೆ ಸಾಲದು. ಹಾಳೆಯೂ ಸಾಲದು.

ನಮ್ಮ ಕಡೆ ನಮಸ್ಕಾರದ ಬದಲು 'ಊಟ ಆಯ್ತಾ' ಅನ್ನುತ್ತಾರೆ.
ಗೇಟಿನ ಕಾವಲಿನವರೂ ಅಂದರು, ರೂಢಿಗೆ.
ಎರಡು ವರ್ಷ ಎಲ್ಲರಿಗೂ 'ಆಯ್ತು' ಅಂದವಳು
ಸಾಗರ ರಸ್ತೆಯ ಬಸ್ಸುಗಳನ್ನೇ ನೋಡುತ್ತ
'ಇಲ್ಲ' ಅಂದಳು.
'ಇನ್ನೂ ಇಲ್ಲ.'

'ಹಂಗಾರೆ ಮಾಡ್ಕಂಡ್ ಹೋಗಿ, ಕ್ಯಾಂಟೀನು ತೆಗ್ದದೆ' ಅಂದರು ಅವರು,
ಏನೂ ಗೊತ್ತಿಲ್ಲದೆ.
ನಾವು ಮೂವರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.