ಅಡ್ಡಹೆಸರು

ಮೂರನೇ ವಾರಕ್ಕೆ ಬೆರಳ ತುದಿಯ ಬಿಳುಪು ಹೋಯಿತು.
ಹದಿನಾಲ್ಕು ವರ್ಷ ಬೆಂದ ಚರ್ಮ
ಒಂದು ಬೆಳಿಗ್ಗೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು.
ಕೆಳಗೆ ಯಾರದೋ ಬೆರಳು.
ಪೆನ್ನು ಹಿಡಿದರೆ ಜಾರುವುದಿಲ್ಲ.

ಶಿಡ್ಲಘಟ್ಟದಲ್ಲಿ ಕೈ ನೋಡಿ ಕೆಲಸ ಹೇಳಬಹುದು:
ಗೂಡು ಬಿಡಿಸುವವಳ ಕೈ, ನೂಲು ತೆಗೆಯುವವಳ ಕೈ,
ಹುರಿ ಮಿಷಿನ್ನಿನವಳ ಕೈ.
ನನ್ನದನ್ನೀಗ ಯಾರೂ ಹೇಳಲಾರರು.

ಪಿಳ್ಳಪ್ಪ ಮೇಸ್ತ್ರಿ ಉಬ್ಬಸ ಹೆಚ್ಚಿ ಬಿಟ್ಟುಹೋದಾಗ
ಸಾಹುಕಾರರು ಲೆಕ್ಕದಿಂದ ತಲೆಯೆತ್ತದೆ
"ಎಳೆ ಯಾರದ್ದು ಕಮ್ಮಿ ಕಡಿಯುತ್ತೆ?" ಅಂದರು.
ಹಿಂದಿನಿಂದ ನನ್ನನ್ನು ಮುಂದಕ್ಕೆ ತಳ್ಳಿದವಳು ಮುಬೀನ.
ಅವಳ ಒದ್ದೆ ಅಂಗೈ
ನನ್ನ ರವಿಕೆಯ ಮೇಲೆ ಮಧ್ಯಾಹ್ನದವರೆಗೂ ಆರಲಿಲ್ಲ.

ಅವತ್ತು ಎಲ್ಲರಿಗೂ ಬನ್ನು, ಟೀ.
ಆಂಜಿನಮ್ಮ ಎರಡು ಬನ್ನು ಸೆರಗಿಗೆ ಕಟ್ಟಿಕೊಂಡು
"ಇನ್ನೇನಮ್ಮಾ, ನಮ್ಮೋಳೇ ಮೇಸ್ತ್ರಿ" ಅಂದಳು.
ನಮ್ಮೋಳೇ.
ಆ ಮಾತನ್ನು ಬೋನಸ್ಸಿನ ಹಾಗೆ
ರಾತ್ರಿ ಎರಡೆರಡು ಸಲ ಎಣಿಸಿದೆ.

ಆಮೇಲೆ ಪುಸ್ತಕ ಬಂತು, ನೀಲಿ ರಟ್ಟಿನದು.
ಯಾರು ಎಷ್ಟು ಹೊತ್ತಿಗೆ ಬಂದರು,
ಎಷ್ಟು ಕಿಲೋ ಗೂಡಿಗೆ ಎಷ್ಟು ನೂಲು, ಎಷ್ಟು ಕಸ.
ಜಂಗಮಕೋಟೆಯಿಂದ ಬರುವ ಬಸ್ಸು ಯಾವತ್ತೂ ಹತ್ತು ನಿಮಿಷ ತಡ.
ನನಗೆ ಗೊತ್ತು. ಪಿಳ್ಳಪ್ಪನಿಗೂ ಗೊತ್ತಿತ್ತು.
ಅವನು ಬರೆದುಕೊಂಡಾಗ
ಅವನ ಅಮ್ಮನವರೆಗೂ ಹೋಗಿ ಬೈದವಳು ನಾನು.
ಆಂಜಿನಮ್ಮನ ಹೆಸರಿನ ಮುಂದೆ
ಏಳು ಹತ್ತು ಅಂತ ಬರೆದೆ.
ಅಂಕಿ ದುಂಡಗೆ ಬಂತು.

ಬಾಯ್ಲರಿನ ಹಿಂದೆ, ಬೆಚ್ಚಗಿನ ಗೋಡೆಗೊರಗಿ
ಈಗಲೂ ಐದು ಡಬ್ಬಿ ಬಿಚ್ಚುತ್ತೇವೆ.
ಹಿತಕಿದ ಬೇಳೆ ಸಾರು ಮೊದಲು ನನಗೇ ಬಡಿಸುತ್ತಾರೆ.
ಮುಂಚೆ ಕಿತ್ತುಕೊಂಡು ತಿನ್ನುತ್ತಿದ್ದೆ.
ಸಾಹುಕಾರರಿಗೆ ತಿಳಿಯಬಾರದ್ದನ್ನೆಲ್ಲ
ತೆಲುಗಿನಲ್ಲಿ ಆಡಿಕೊಳ್ಳುತ್ತಿದ್ದವರು
ನಾನು ಕೂತೊಡನೆ ಶುದ್ಧ ಕನ್ನಡಕ್ಕೆ ಇಳಿಯುತ್ತಾರೆ,
ರೇಡಿಯೋದಲ್ಲಿ ಹವಾಮಾನ ಹೇಳುವವರ ಹಾಗೆ.

ಹೊಸ ಹುಡುಗಿಗೆ ತೋರಿಸಿಕೊಡಲು ಹೋಗಿದ್ದೆ.
"ನೋಡು, ಗೂಡಿಗೆ ಹೆದರಬಾರದು,
ತುದಿ ತಾನಾಗಿ ಬೆರಳಿಗೆ ಅಂಟುತ್ತೆ" ಅನ್ನುತ್ತಾ
ಕುದಿನೀರಿಗೆ ಕೈ ಇಟ್ಟೆ.
ಕೈ ನನ್ನನ್ನು ಕೇಳದೆ ಹಿಂದಕ್ಕೆ ಬಂತು.
ಪಕ್ಕದ ತೊಟ್ಟಿಯಿಂದ ಮುಬೀನ ನೋಡಿದಳು.
ಅವಳ ಎಂಟು ಎಳೆಯಲ್ಲಿ ಒಂದೂ ಕಡಿಯಲಿಲ್ಲ.

ಇನ್ನೊಂದು ಹೇಳಬೇಕು.
ಈ ಶೆಡ್ಡಿನಲ್ಲಿ ಹೆಸರಿಡುವ ಕೆಲಸ ನನ್ನದಾಗಿತ್ತು.
ಸಂಬಳ ಮುಂದೂಡುವ ಗುಮಾಸ್ತನಿಗೆ ‘ನಾಳೆ ಬಾ.’
ಪಿಳ್ಳಪ್ಪನಿಗೆ ‘ಕುಕ್ಕರ್’:
ಮೂರು ವಿಜಿಲ್ ಕೇಳಿದರೆ ಬಂದ ಅಂತ ಲೆಕ್ಕ.
ಎಷ್ಟು ನಕ್ಕಿದ್ದೇವೆ ಅದಕ್ಕೆ.
ಈಗ ಅವನ ಮೂಲೆಯ ಕುರ್ಚಿಯಲ್ಲಿ ಕೂತರೆ
ಆವಿಯೆಲ್ಲ ನೇರ ಅಲ್ಲಿಗೇ ಬರುತ್ತದೆ.

ಹಾಗಾಗಿ ನನಗೂ ಒಂದು ಇದ್ದೇ ಇರಬೇಕು ಅಂತ ಗೊತ್ತಿತ್ತು.
ಕಿವಿ ತೆರೆದುಕೊಂಡೇ ತಿರುಗುತ್ತಿದ್ದೆ.
ನಿನ್ನೆ, ಹುಳ ಒಣಗಿಸುವ ಅಂಗಳದ ಮೂಲೆಯಲ್ಲಿ,
ನಗುವಿನ ನಡುವೆ ಮುಬೀನಳ ದನಿ:
"ಸುಮ್ನಿರ್ರೇ, ಒಣಬೆರಳು ಬಂತು."

ಬಂತು. ಬಂದಳು ಅಲ್ಲ.

ನಿಂತಲ್ಲೇ ತೂಗಿ ನೋಡಿದೆ.
ಒಳ್ಳೆಯ ಹೆಸರು.
ಬೈಗುಳವಿಲ್ಲ, ಸುಳ್ಳಿಲ್ಲ, ಬಾಯಲ್ಲಿ ಸಲೀಸಾಗಿ ಹೊರಳುತ್ತದೆ.
ನಾನೇ ಇಟ್ಟಿದ್ದರೂ ಇಷ್ಟು ಸಣ್ಣ ಎಳೆ ಸಿಗುತ್ತಿರಲಿಲ್ಲ.
ನಗು ಬಂದೇಬಿಟ್ಟಿತು, ಬಾಯಿಗೆ ಪುಸ್ತಕ ಅಡ್ಡ ಹಿಡಿದೆ.
ಯಾರಿಗಾದರೂ ಹೇಳಲೇಬೇಕು ಇದನ್ನು,
ಹೊಟ್ಟೆ ಹಿಡಿದುಕೊಂಡು ನಗುವವರಿಗೆ,
ಚಿಕ್ಕಮುನಿಯಮ್ಮನಿಗಲ್ಲ, ಗಂಡನಿಗಲ್ಲ,

ಯೋಚಿಸಿದರೆ ಈ ಊರಲ್ಲಿ
ಅಂಥವಳು ಇರುವುದೇ ಒಬ್ಬಳು.
ಮೂರನೇ ತೊಟ್ಟಿ. ಏಳಕ್ಕೆ ಸರಿಯಾಗಿ ಬರುತ್ತಾಳೆ.