ಕೆಂಪಿನ ಲೆಕ್ಕ

ಗಾಜಿನ ನಳಿಗೆಯಲ್ಲಿ ಐದು ಮಿಲಿ ನೀರು.
ಮೊದಲ ಬಾಟಲಿಯಿಂದ ಹತ್ತು ಹನಿ,
ಎರಡನೆಯದನ್ನು ಅರ್ಧ ನಿಮಿಷ ಕುಲುಕಿ ಮತ್ತೆ ಹತ್ತು.
ಆಮೇಲೆ ಕಾಯಬೇಕು.
ಕಾಯುವಾಗ ಗೋಡೆಯ ಪೋಸ್ಟರಿನ ಹಲ್ಲು ಎಣಿಸುತ್ತೇನೆ.
ಮುಹರ್ರಕ್‌ನ ಈ ದಂತವೈದ್ಯರ ಕೋಣೆಯಲ್ಲಿ
ಬಾಯಿ ತೆರೆಯಲು ಹೆದರುವವರ ಎದುರು
ನನ್ನ ಕೋಡಂಗಿ ಮೀನುಗಳದ್ದು
ಸದಾ ತೆರೆದ ಬಾಯಿ.

ಹಳದಿಯಾದರೆ ಕ್ಷೇಮ, ಕಿತ್ತಳೆಯಾದರೆ ಎಚ್ಚರ.
ನಳಿಗೆ ಕೆಂಪಗೆ,
ಅಮ್ಮನ ಬಂಗುಡೆ ಸಾರಿನಷ್ಟು ಕೆಂಪಗೆ ನಿಂತಿತು:
ಎಂಬತ್ತು.

ಹೆಜಮಾಡಿಯಲ್ಲಿ ನಮ್ಮಪ್ಪ ಕೈರಂಪಣಿ ಎಳೆದವ.
ಕಡಲಿನಲ್ಲಿ ನೈಟ್ರೇಟು ಎಷ್ಟೆಂದು
ಅಲ್ಲಿ ಯಾರೂ ಕೇಳಿದ್ದಿಲ್ಲ,
ಬಲೆ ಭಾರವಾಗಿದೆಯಾ ಎಂದಷ್ಟೇ.
ಫೋನಿನಲ್ಲಿ ಹೇಳಿದರೆ ನಗುತ್ತಾನೆ:
"ಮೀನಿನ ಉಚ್ಚೆ ಅಳೆಯಲು ಸಂಬಳವಾ?"
ಹೌದಪ್ಪ, ಇನ್ನೂರ ಮೂವತ್ತು ದಿನಾರು.

ಈ ದ್ವೀಪದ ಹೆಸರಿನಲ್ಲೇ ಎರಡು ಕಡಲಿವೆ.
ನಾನು ಮೂರನೆಯದನ್ನು ಕಲಸುತ್ತೇನೆ,
ಬಕೆಟಿನಲ್ಲಿ, ಜರ್ಮನಿಯ ಉಪ್ಪಿನಿಂದ,
ಬಾಗಿಲಿನಿಂದ ನೂರು ಹೆಜ್ಜೆಗೆ ಕಡಲೇ ಇದ್ದರೂ.
ಅದರ ಮೈಮೇಲೆ ಡೀಸೆಲಿನ ಕಾಮನಬಿಲ್ಲು.

ಐದರಲ್ಲೊಂದು ಪಾಲು ನೀರು ತೆಗೆದೆ, ಹೊಸದು ಹೊಯ್ದೆ.
ಮರಳಿಗೆ ಕೊಳವೆ ಊರಿ ಕಸ ಹೀರಿದೆ.
ನೊರೆ ಹಿಡಿಯುವ ಯಂತ್ರದ ಬಟ್ಟಲು ತೊಳೆದೆ. ಅದರ ನಾತಕ್ಕೆ
ರಿಸೆಪ್ಷನಿನ ಜೆಸಿಂತಾ ಕಿಟಕಿ ತೆರೆದಳು,
ಆಗಸ್ಟಿನ ಗಾಳಿ ಮುಖಕ್ಕೆ ಬಡಿದು ಕೂಡಲೇ ಮುಚ್ಚಿದಳು.
ಕೆಳತೊಟ್ಟಿಯಲ್ಲಿ ಸಿಕ್ಕುಗೂದಲಿನಂಥ ಪಾಚಿ,
ರಾತ್ರಿಯಿಡೀ ಅದಕ್ಕೊಂದು ದೀಪ;
ಅದು ಕೊಳೆ ಉಂಡು ಬೆಳೆಯುತ್ತದೆ, ಹಿಡಿ ಹಿಡಿ ಕಿತ್ತು ಎಸೆದೆ.
ಅರವತ್ತಕ್ಕೆ ಇಳಿಯಿತು.
ವಾರ ಬಿಟ್ಟು ಬಂದರೆ ಮತ್ತದೇ ಸಾರು.
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಒಂದು ಗುರುವಾರ ಸ್ಕ್ರೂಡ್ರೈವರ್ ಮರೆತು
ರಾತ್ರಿ ಹಿಂದಕ್ಕೆ ಬಂದೆ.
ಕತ್ತಲೆ ಕೋಣೆ, ನೀಲಿ ದೀಪ, ಗಾಜಿಗೆ ಹಣೆಯೊತ್ತಿ
ಕಾವಲುಗಾರ ಲೋಕಬಹಾದೂರ್
ರೊಟ್ಟಿಯ ಚೂರು ಉದುರಿಸುತ್ತಿದ್ದ,
ಬೇಯಿಸಿದ ಮೊಟ್ಟೆಯ ಹಳದಿಯನ್ನೂ.
ನೇಪಾಳಿಯಲ್ಲಿ ದಿನದ ವರದಿ ಒಪ್ಪಿಸುತ್ತಿದ್ದ.
ಒಂದೊಂದು ಮೀನಿಗೂ ಹೆಸರಿತ್ತು.

ಬೈಯಲು ಬಾಯಿ ತೆರೆದೆ,
ತೆರೆದೇ ಉಳಿಯಿತು.
"ನಾನು ತಿನ್ನುವಾಗ ನೋಡ್ತಾವೆ" ಎಂದ ಅವನೇ.
ಅವನ ದೇಶಕ್ಕೆ ಕಡಲಿಲ್ಲ.
ವಿಮಾನದಿಂದ ಒಮ್ಮೆ ನೋಡಿದ್ದು,
ಊರಿಲ್ಲದ ಕತ್ತಲೆ ಅಂದುಕೊಂಡಿದ್ದನಂತೆ.

ನಳಿಗೆಯನ್ನು ಅವನ ಕೈಗೇ ಕೊಟ್ಟೆ.
ಹನಿ ಎಣಿಸಿದ, ಔಷಧಿ ಕುಲುಕಿದ ಹಾಗೆ ಕುಲುಕಿದ.
ಐದು ನಿಮಿಷ ಇಬ್ಬರೂ ಉಸಿರೆತ್ತಲಿಲ್ಲ.
ಕೆಂಪೇರಿತು.
"ಇದು ನನ್ನ ರೊಟ್ಟಿಯಾ?"
ಮೀನು ಮಾರಿ ಬೆಳೆದ ಮನೆಯ ನಾನು
ಹೌದೆನ್ನಲಾರದೆ ಇಲ್ಲವೆನ್ನಲಾರದೆ
ಬಣ್ಣದ ಕಾರ್ಡನ್ನು ಅವನೆದುರು ಇಟ್ಟೆ.

ಈಗ ರಾತ್ರಿ ಹತ್ತಕ್ಕೆ ಒಂದೇ ಪೊಟ್ಟಣ, ನಾನು ಕಟ್ಟಿಟ್ಟದ್ದು.
ರೊಟ್ಟಿ ಅವನಿಗೆ.
ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ
ಅವನ ಲಿಪಿಯ ಅಂಕಿಗಳು ಇಳಿಯುತ್ತಿವೆ,
ಅರವತ್ತು, ನಲವತ್ತು, ಮತ್ತೆ ನಲವತ್ತು, ಇಪ್ಪತ್ತೈದು.
ಸೊನ್ನೆ ಬೇಡ ಎಂದಿದ್ದೇನೆ;
ಸೊನ್ನೆಯಲ್ಲಿ ಹವಳ ಹಸಿದು ಬಿಳಚುತ್ತದೆ,
ಐದೋ ಹತ್ತೋ, ಇರಲಿ ಸ್ವಲ್ಪ ಕೊಳೆ.

ನಿನ್ನೆ ಹದಿನೈದರ ಆಸುಪಾಸು.
ಕಾರ್ಡನ್ನು ನೀಲಿ ದೀಪಕ್ಕೆ ಹಿಡಿದು
ಬಹಳ ಹೊತ್ತು ನೋಡಿದ, ಖುಷಿಪಡಲಿಲ್ಲ.
"ಇಷ್ಟು ಕಮ್ಮಿ ಕೊಟ್ಟರೆ
ಇವಕ್ಕೆ ನಾನು ನೆನಪಿರುತ್ತೇನಾ?"

ಇವತ್ತಿನ ಪೊಟ್ಟಣದಲ್ಲಿ
ಎರಡು ಕಾಳು ಹೆಚ್ಚು ಹಾಕಿದ್ದೇನೆ.
ಶನಿವಾರ ನೀರು ಬದಲಿಸಿದರಾಯಿತು.